ಹಳೆ ಸೀರೆ, ಅಡುಗೆಮನೆಯ ಗೊಂಬೆ, ಕಪ್ಪು ಬಣ್ಣ: ಮಿಶ್ರಮಾಧ್ಯಮ ಕಲೆಯನ್ನು ಓದುವುದು ಹೇಗೆ?

ಮಂಗಳೂರಿಗೆ ನೆಂಟರು ಬಂದರೆ ಕಲೆ ತೋರಿಸೋಣ ಅಂತ ನಾವು ಕರ್ಕೊಂಡು ಹೋಗುವ ಜಾಗ ಒಂದುಂಟು, ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೊ ಮೊಸ್ಕೆನಿ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಅಲ್ಲಿ ಗೋಡೆ, ಚಾವಣಿ ತುಂಬ ಚಿತ್ರ ಬರೆದರು. ಗೋಡೆಯ ಮೇಲಿರುವುದು ಫ್ರೆಸ್ಕೊ. ಸುಣ್ಣದ ಗಾರೆ ಇನ್ನೂ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಸುಣ್ಣ ಗಟ್ಟಿಯಾಗುವಾಗ ಬಣ್ಣ ಗೋಡೆಯ ಒಳಗೇ ಸೇರಿಕೊಳ್ಳುತ್ತದೆ. ಆಮೇಲೆ ಗೋಡೆ ಬೇರೆ, ಬಣ್ಣ ಬೇರೆ ಅಂತಿಲ್ಲ.

ಈ ಲೇಖನದಲ್ಲಿ ನಾವು ಮಾತಾಡಲು ಹೊರಟಿರುವುದು ಇದಕ್ಕೆ ತದ್ವಿರುದ್ಧವಾದ ಕಲೆಯ ಬಗ್ಗೆ. ಇಲ್ಲಿ ಸೇರಿಸಿದ ವಸ್ತುಗಳು ಕೊನೆಯವರೆಗೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಇದು ಬಟ್ಟೆ, ಇದು ತಗಡು, ಇದು ಹಳೆ ಪೇಪರು ಅಂತ ಯಾರು ಬೇಕಾದರೂ ಗುರುತಿಸಬಹುದು. ಇದನ್ನೇ ಮಿಶ್ರಮಾಧ್ಯಮ ಕಲೆ, ಮಿಕ್ಸೆಡ್ ಮೀಡಿಯಾ ಅನ್ನುವುದು. ಮೆಟೀರಿಯಲ್ ಸೈನ್ಸ್ ಓದಿದವರಿಗೆ ಹೋಲಿಕೆ ಸುಲಭ. ಅಲಾಯ್‌ನಲ್ಲಿ ತಾಮ್ರವೂ ಸತುವೂ ಒಂದರೊಳಗೊಂದು ಕರಗಿ ಹಿತ್ತಾಳೆ ಎಂಬ ಹೊಸ ಲೋಹವಾಗುತ್ತದೆ. ಕಾಂಪೋಸಿಟ್‌ನಲ್ಲಿ ಹಾಗಲ್ಲ. ಗ್ಲಾಸ್ ಫೈಬರ್ ಗ್ಲಾಸ್ ಫೈಬರಾಗಿಯೇ ಇರುತ್ತದೆ, ರೆಸಿನ್ ರೆಸಿನ್ನಾಗಿಯೇ ಇರುತ್ತದೆ. ಆದರೆ ಭಾರವನ್ನು ಒಟ್ಟಿಗೆ ಹೊರುತ್ತವೆ. ಮಿಶ್ರಮಾಧ್ಯಮ ಕಲೆ ಕಾಂಪೋಸಿಟ್ ಇದ್ದ ಹಾಗೆ.

ಕಲೆಯ ಇತಿಹಾಸದ ಪುಸ್ತಕಗಳು ಇದರ ಕಥೆಯನ್ನು ಸಾಮಾನ್ಯವಾಗಿ 1912ರ ಪ್ಯಾರಿಸ್‌ನಿಂದ ಶುರು ಮಾಡುತ್ತವೆ. ಆ ವರ್ಷ ಪಿಕಾಸೊ ತನ್ನ ಚಿತ್ರಕ್ಕೆ ಬೆತ್ತದ ಹೆಣಿಗೆಯ ಅಚ್ಚಿದ್ದ ಮೇಣಬಟ್ಟೆಯೊಂದನ್ನು ಅಂಟಿಸಿ, ಸುತ್ತ ಹಗ್ಗ ಕಟ್ಟಿದ. ಆದರೆ ಚೂರುಗಳನ್ನು ಸೇರಿಸಿ ಹೊಸದು ಮಾಡುವ ಕೆಲಸ ಅದಕ್ಕೂ ಎಷ್ಟೋ ಹಿಂದಿನದು. ಹರಿದ ಬಟ್ಟೆ ಎಸೆಯದೆ ಹೊಲಿದಿಟ್ಟ ಪ್ರತಿ ಮನೆಯಲ್ಲೂ ಅದು ನಡೆದಿದೆ.

ನಮ್ಮ ಕುತೂಹಲ ಒಂದು ವಿಷಯದಲ್ಲಿ. ವರ್ಣಭೇದ, ಜನಾಂಗದ ಹೆಸರಿನ ಅವಮಾನ ಇವುಗಳ ಬಗ್ಗೆ ಮಾತಾಡಬೇಕೆಂದ ಕಲಾವಿದರು ಮತ್ತೆ ಮತ್ತೆ ಈ ಮಾಧ್ಯಮಕ್ಕೇ ಕೈ ಹಾಕಿದ್ದಾರೆ. ಯಾಕೆ? ನಮಗೆ ಕಂಡ ಉತ್ತರ ಇದು. ಟ್ಯೂಬಿನಿಂದ ಹಿಂಡಿದ ಹೊಸ ಬಣ್ಣಕ್ಕೆ ಹಿಂದಿನ ಬದುಕು ಇಲ್ಲ. ಹಳೆ ವಸ್ತುವಿಗೆ ಉಂಟು. ಅದು ಯಾರದೋ ಕೈಯಲ್ಲಿತ್ತು, ಯಾರದೋ ಮೈಮೇಲಿತ್ತು, ಯಾರನ್ನೋ ಹಂಗಿಸಲು ಬಳಕೆಯಾಗಿತ್ತು. ಕೋರ್ಟಿನಲ್ಲಿ ವಸ್ತುವನ್ನೇ ಸಾಕ್ಷಿಯಾಗಿ ಮುಂದಿಡುವುದಿಲ್ಲವಾ, ಹಾಗೆ. ಅದಕ್ಕೇ ಇಂಥ ಕೃತಿಯ ಮುಂದೆ ನಿಂತಾಗ "ಚೆಂದ ಉಂಟಾ?" ಅಂತ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

ಒಂದು: ಈ ವಸ್ತು ಮೊದಲು ಏನಾಗಿತ್ತು?
ಎರಡು: ಇಲ್ಲಿಗೆ ಬಂದ ಮೇಲೆ ಅದರ ಅರ್ಥ ಹೇಗೆ ಬದಲಾಯಿತು?
ಮೂರು: ಹೆಸರು ಯಾರಿಗೆ, ದುಡ್ಡು ಯಾರಿಗೆ?

ಈ ಮೂರನ್ನು ಹಿಡಿದುಕೊಂಡು ನಾಲ್ಕು ಉದಾಹರಣೆ ನೋಡೋಣ. ಎರಡು ಅಮೆರಿಕದವು, ಒಂದು ಉತ್ತರ ಕನ್ನಡದ್ದು, ಕೊನೆಯದು ನಮ್ಮ ಮಂಗಳೂರಿನ ಆಸುಪಾಸಿನದೇ.

ಪಾಠ 1: ಅಡುಗೆಮನೆಯ ಗೊಂಬೆ

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಮುಗಿದದ್ದು 1865ರಲ್ಲಿ. ಆದರೆ ಕಪ್ಪು ಜನರನ್ನು ತಮಾಷೆಯ ವಸ್ತುವಾಗಿ ತೋರಿಸುವುದು ನಿಲ್ಲಲಿಲ್ಲ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದು, ತುಟಿ ದಪ್ಪ ಮಾಡಿಕೊಂಡು ಕುಣಿಯುವ ನಾಟಕಗಳು ಭಾರೀ ಜನಪ್ರಿಯವಾಗಿದ್ದವು. 'ಆಂಟ್ ಜೆಮೈಮಾ' ಎಂಬ ಹೆಸರು ಬಂದದ್ದೇ ಅಂಥ ವೇದಿಕೆಯ ಹಾಡೊಂದರಿಂದ. 1889ರಲ್ಲಿ ಅದು ಪ್ಯಾನ್‌ಕೇಕ್ ಹಿಟ್ಟಿನ ಬ್ರ್ಯಾಂಡ್ ಆಯಿತು. ತಲೆಗೆ ಬಟ್ಟೆ ಕಟ್ಟಿದ, ದಪ್ಪ ಮೈಯ, ಯಾವಾಗಲೂ ನಗುವ ಕಪ್ಪು ಅಡುಗೆಯಾಕೆ. ಅವಳ ಹಾಗಿರುವ ಗೊಂಬೆಗಳು, ಉಪ್ಪಿನ ಡಬ್ಬಿಗಳು, ಚೀಟಿ ಹೋಲ್ಡರ್‌ಗಳು ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿದ್ದವು. ನಗು ಹೇಳುತ್ತಿದ್ದದ್ದು ಒಂದೇ: ಇವಳಿಗೆ ಸೇವೆ ಮಾಡುವುದರಲ್ಲೇ ಸುಖ.

ಬೆಟಿ ಸಾರ್ 1926ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಕಪ್ಪು ಕಲಾವಿದೆ. ಇಂಥ ಗೊಂಬೆಗಳನ್ನು ಹಳೆ ಸಾಮಾನಿನ ಮಾರುಕಟ್ಟೆಗಳಿಂದ ಸಂಗ್ರಹಿಸುತ್ತಿದ್ದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ ಆ ಸಿಟ್ಟು ಅವರ ಕೆಲಸದೊಳಗೆ ಬಂತು. 1972ರಲ್ಲಿ ಅವರು ಮಾಡಿದ ಕೃತಿ 'ಆಂಟ್ ಜೆಮೈಮಾಳ ಬಿಡುಗಡೆ'. ಒಂದು ಅಡಿಯಷ್ಟೂ ಎತ್ತರವಿಲ್ಲದ ಪೆಟ್ಟಿಗೆ. ಹಿಂದಿನ ಗೋಡೆಗೆ ಪ್ಯಾನ್‌ಕೇಕ್ ಪೊಟ್ಟಣದ ಅದೇ ನಗುಮುಖ, ಸಾಲು ಸಾಲಾಗಿ. ಮುಂದೆ ಚೀಟಿ ಹೋಲ್ಡರ್ ಗೊಂಬೆ. ಅವಳ ಒಂದು ಕೈಯಲ್ಲಿ ಪೊರಕೆ ಹಾಗೇ ಇದೆ. ಇನ್ನೊಂದು ಕೈಗೆ ಸಾರ್ ಬಂದೂಕು ಕೊಟ್ಟಿದ್ದಾರೆ. ಚೀಟಿ ಸಿಕ್ಕಿಸುವ ಜಾಗದಲ್ಲಿ ಮಗುವನ್ನು ಎತ್ತಿಕೊಂಡ ದಾದಿಯ ಹಳೆ ಪೋಸ್ಟ್‌ಕಾರ್ಡು. ಅದರ ಮುಂದೆ, ಎತ್ತಿ ಹಿಡಿದ ಕಪ್ಪು ಮುಷ್ಟಿ. ಕಾಲಡಿಗೆ ಹತ್ತಿ.

ಪ್ರಶ್ನೆಗಳನ್ನು ಹಾಕಿ ನೋಡಿ. ಗೊಂಬೆ ಮೊದಲು ಏನಾಗಿತ್ತು? ಅವಮಾನದ ಸಾಮಾನು. ಹತ್ತಿ? ಗುಲಾಮರು ಹೊಲದಲ್ಲಿ ಬಿಡಿಸಿದ ಬೆಳೆ. ಅರ್ಥ ಹೇಗೆ ಬದಲಾಯಿತು? ಸಾರ್ ಗೊಂಬೆಯ ಮುಖ ತಿದ್ದಲಿಲ್ಲ, ನಗು ಅಳಿಸಲಿಲ್ಲ. ಪಕ್ಕದಲ್ಲಿ ಬೇರೆ ವಸ್ತು ಇಟ್ಟರು, ಅಷ್ಟೇ. ಅದೇ ನಗು ಈಗ ಬೆದರಿಸುತ್ತದೆ. ಗೊಂಬೆಯ ಚಿತ್ರ ಬರೆದಿದ್ದರೆ ನೋಡಿದವರು "ಇದು ಕಲಾವಿದೆಯ ಕಲ್ಪನೆ" ಅನ್ನಬಹುದಿತ್ತು. ಗೊಂಬೆಯನ್ನೇ ಇಟ್ಟಾಗ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಯಾವುದೋ ಫ್ಯಾಕ್ಟರಿ ಅದನ್ನು ಮಾಡಿತ್ತು, ಯಾರೋ ದುಡ್ಡು ಕೊಟ್ಟು ತಂದಿದ್ದರು. ಸಾಕ್ಷಿ ಅಂದದ್ದು ಇದಕ್ಕೇ.

ಪಾಠ 2: ಬಟ್ಟೆಯ ಮೇಲೆ ಬರೆದ ಕಥೆ

ಫೇತ್ ರಿಂಗೋಲ್ಡ್ (1930–2024) ನ್ಯೂಯಾರ್ಕಿನ ಹಾರ್ಲೆಮ್‌ನವರು. ಮೊದಲು ಎಣ್ಣೆಬಣ್ಣದಲ್ಲೇ ಚಿತ್ರ ಬರೆಯುತ್ತಿದ್ದರು. ಅವರ ತಾಯಿ ವಿಲಿ ಪೋಸಿ ಫ್ಯಾಶನ್ ಡಿಸೈನರ್. ಅವರ ವಂಶದಲ್ಲಿ ಗುಲಾಮಗಿರಿಯ ಕಾಲದಿಂದಲೂ ಹೆಂಗಸರು ಕೌದಿ ಹೊಲಿದವರು. ತಾಯಿಮಗಳು ಸೇರಿ 1980ರಲ್ಲಿ ಮೊದಲ ಕೌದಿ ಮಾಡಿದರು. ತಾಯಿ ತೀರಿಕೊಂಡ ಮೇಲೆ, 1983ರಲ್ಲಿ, ರಿಂಗೋಲ್ಡ್ ತಮ್ಮ ಮೊದಲ 'ಕಥೆ ಕೌದಿ' ಮಾಡಿದರು. ಅಲ್ಲೂ ಬರುವವಳು ಆಂಟ್ ಜೆಮೈಮಾಳೇ. ಆದರೆ ಇಲ್ಲಿ ಅವಳು ನಗುವ ಆಳಲ್ಲ. ಹೋಟೆಲು ನಡೆಸಿ ಸಂಸಾರ ಕಟ್ಟಿದ ಉದ್ಯಮಿ. ಚಿತ್ರ, ಬಟ್ಟೆ, ಕೈಯಲ್ಲಿ ಬರೆದ ಕಥೆ ಮೂರೂ ಒಂದೇ ಕೌದಿಯಲ್ಲಿ. ಸಾರ್ ಗೊಂಬೆಯ ಕೈಗೆ ಬಂದೂಕು ಕೊಟ್ಟರೆ, ರಿಂಗೋಲ್ಡ್ ಅವಳಿಗೆ ಒಂದು ಜೀವನಚರಿತ್ರೆ ಕೊಟ್ಟರು.

ಹೆಸರಿದ್ದ ಕಲಾವಿದೆಯ ಕಥೆ ಇದಾಯಿತು. ಹೆಸರಿಲ್ಲದವರದ್ದೂ ಒಂದು ಉಂಟು. ಅಲಬಾಮಾ ರಾಜ್ಯದಲ್ಲಿ ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಹಳ್ಳಿ. ಅಲ್ಲಿನ ಕಪ್ಪು ಹೆಂಗಸರು ಹಳೆ ಜೀನ್ಸು, ಕೆಲಸದ ಅಂಗಿ, ಹಿಟ್ಟಿನ ಚೀಲ ಎಲ್ಲ ಕತ್ತರಿಸಿ ಕೌದಿ ಹೊಲಿಯುತ್ತಿದ್ದರು. 1960ರ ದಶಕದಲ್ಲಿ ಊರಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟರು. ಆ ದಿನಗಳಲ್ಲೇ, 1962ರಲ್ಲಿ, ಅವರ ದೋಣಿ ಸೇವೆ ನಿಂತುಹೋಯಿತು. ತಾಲೂಕು ಕೇಂದ್ರಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರು ಗಂಟೆಗಟ್ಟಲೆ ರಸ್ತೆ ಸುತ್ತಬೇಕಾಯಿತು. ದೋಣಿ ಮತ್ತೆ ಶುರುವಾದದ್ದು 2006ರಲ್ಲಿ. ನೇತ್ರಾವತಿಗೆ ಸೇತುವೆ ಇಲ್ಲದೆ ಉಳ್ಳಾಲದವರು 44 ವರ್ಷ ಮಂಗಳೂರಿಗೆ ಬರುವುದನ್ನು ಊಹಿಸಿಕೊಳ್ಳಿ.

1966ರಲ್ಲಿ ಆ ಪ್ರದೇಶದ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿ ಕೌದಿ ಮಾರತೊಡಗಿದರು. 2002ರಲ್ಲಿ ಜೀಸ್ ಬೆಂಡ್ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆಗೆ ಬಂದವು. 2006ರಲ್ಲಿ ಅಮೆರಿಕದ ಅಂಚೆಚೀಟಿಯಾದವು. ಎಲ್ಲ ಸುಖಾಂತ ಅನಿಸುತ್ತದಲ್ಲ? ಆದರೆ 2007ರಲ್ಲಿ ಹೊಲಿದವರಲ್ಲಿ ಕೆಲವರು ತಮಗೆ ಸಲ್ಲಬೇಕಾದ ಪಾಲು ಬಂದಿಲ್ಲ ಅಂತ ಕೋರ್ಟಿಗೆ ಹೋದರು. ಮರುವರ್ಷ ಆ ಪ್ರಕರಣಗಳು ಮುಗಿದವು. ನಮ್ಮ ಮೂರನೇ ಪ್ರಶ್ನೆ ಇಲ್ಲಿಂದಲೇ ಬಂದದ್ದು. ಮ್ಯೂಸಿಯಂನಲ್ಲಿ ಜಾಗ ಸಿಕ್ಕಿದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಅಂತಲ್ಲ.

ಪಾಠ 3: ಘಟ್ಟದ ಕೌದಿ

ಈಗ ನಮ್ಮ ಕಡೆಗೆ ಬರೋಣ. ಮಂಗಳೂರಿನಿಂದ ಉತ್ತರಕ್ಕೆ ಅಂಕೋಲಾದವರೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿದರೆ ಯಲ್ಲಾಪುರ. ಅಲ್ಲಿಂದ ಮುಂದೆ ಹಳಿಯಾಳ, ಮುಂಡಗೋಡ. ಈ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಸಮುದಾಯದವರು ಇದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. ಭಾರತಕ್ಕೆ ಆಫ್ರಿಕಾದಿಂದ ನಾವಿಕರಾಗಿ, ಸೈನಿಕರಾಗಿ ಬಂದವರೂ ಇದ್ದರು. ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ಆಡಳಿತವನ್ನೇ ನಡೆಸಿದ ಮಲಿಕ್ ಅಂಬರ್ ಅಂಥವರೂ ಇದ್ದರು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಹೆಚ್ಚಿನವರ ಹಿಂದಿನ ತಲೆಮಾರುಗಳನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದದ್ದು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೊಂಕಣಿ, ಕನ್ನಡ ಮಾತಾಡುತ್ತಾರೆ.

ಇಷ್ಟು ತಲೆಮಾರು ಇಲ್ಲೇ ಇದ್ದರೂ ಪೇಟೆಗೆ ಬಂದಾಗ ಸಿದ್ದಿ ಯುವಕರಿಗೆ ಎದುರಾಗುವ ಮೊದಲ ಪ್ರಶ್ನೆ "ಯಾವ ದೇಶ?" ಎಂಬುದು. ಕನ್ನಡದಲ್ಲಿ ಉತ್ತರಿಸಿದರೆ "ಅಬ್ಬ, ಕನ್ನಡ ಎಷ್ಟು ಚೆಂದ ಕಲಿತಿದ್ದೀರಿ" ಅನ್ನುವ ಹೊಗಳಿಕೆ. ಹೊಗಳಿಕೆಯಂತೆ ಕೇಳಿದರೂ ಅದು ಬಾಗಿಲ ಹೊರಗೆ ನಿಲ್ಲಿಸುವ ಮಾತು. ಮೈಬಣ್ಣ ನೋಡಿ ಊರು ತೀರ್ಮಾನಿಸುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದು ಅನ್ನುವುದನ್ನು 2016ರ ಜನವರಿಯಲ್ಲಿ ಬೆಂಗಳೂರು ನೋಡಿದೆ. ಬೇರೆ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆಕೆಯ ತಪ್ಪು ಬಣ್ಣದ್ದು ಮಾತ್ರ.

ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಈಗ ಹತ್ತಿರದಿಂದ ನೋಡೋಣ. ಅವರ ಮಾತಿನಲ್ಲಿ ಅದು ಕವಂದಿ. ಬೆನ್ನಿಗೆ ಒಂದು ಹಳೆ ಸೀರೆ ಹಾಸುತ್ತಾರೆ. ಮೇಲೆ ಹರಿದ ಸೀರೆ, ಲಂಗ, ಅಂಗಿಗಳ ತುಂಡುಗಳು. ಅಮೆರಿಕದ ಕೌದಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಹಾಸನ್ನು ಪೂರ್ತಿ ಜೋಡಿಸಿಕೊಂಡು ಆಮೇಲೆ ಪದರಗಳನ್ನು ಸೇರಿಸಿ ಹೊಲಿಯುತ್ತಾರೆ. ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ; ತುಂಡು ಸೇರಿಸುವುದು, ಹೊಲಿಯುವುದು ಒಟ್ಟೊಟ್ಟಿಗೇ. ಕಾಗದದ ಮೇಲೆ ಡ್ರಾಯಿಂಗ್ ಇಲ್ಲ. ಮುಂದಿನ ತುಂಡು ಯಾವುದು ಅನ್ನುವುದು ಕೈಗೆ ಸಿಕ್ಕ ಬಟ್ಟೆ, ಕಣ್ಣಿಗೆ ಹಿಡಿಸಿದ ಬಣ್ಣ ನೋಡಿ ಆಗ ಆಗುವ ತೀರ್ಮಾನ. ಕೆಲವರ ಕೌದಿಯಲ್ಲಿ ಶಿಲುಬೆ, ಕೆಲವರದ್ದರಲ್ಲಿ ಅರ್ಧಚಂದ್ರ ಕಾಣಿಸುತ್ತದೆ.

ಹೊಲಿಗೆ ಸಾದಾ ಓಟದ ಹೊಲಿಗೆ, ಆದರೆ ಸಾಲುಗಳು ಬಹಳ ಒತ್ತೊತ್ತು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರು ಇದನ್ನು ನೋಡಿದರೆ ತಲೆದೂಗಬೇಕು. ಒಂದೊಂದು ತುಂಡೂ ಸವೆದ ಬಟ್ಟೆ. ಒಂಟಿಯಾಗಿ ಎಳೆದರೆ ಪರ್ ಅಂತ ಹರಿಯುತ್ತದೆ. ಪದರ ಮಾಡಿ ಸಾವಿರಾರು ಕಡೆ ಕಟ್ಟಿದಾಗ ಎಳೆತ ಒಂದೇ ಜಾಗಕ್ಕೆ ಬೀಳದೆ ಹಂಚಿಹೋಗುತ್ತದೆ. ಒಂದು ಹೊಲಿಗೆ ಬಿಟ್ಟರೆ ಪಕ್ಕದ್ದು ಹಿಡಿಯುತ್ತದೆ. ಒಂದು ತುಂಡು ಹರಿದರೆ ಹರಕು ಅದರ ಅಂಚಿಗೆ ಬಂದು ನಿಲ್ಲುತ್ತದೆ. ಬಿಡಿಯಾಗಿ ಕೆಲಸಕ್ಕೆ ಬಾರದ್ದು ಒಟ್ಟಾಗಿ ವರ್ಷಗಟ್ಟಲೆ ಬಾಳಿಕೆ ಬರುತ್ತದೆ.

ಕೊನೆಗೆ ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಚಿಕ್ಕ ಬಟ್ಟೆ ಸಿಕ್ಕಿಸಿ ಹೊಲಿಯುತ್ತಾರೆ. ಅದಕ್ಕೆ 'ಫುಲ', ಅಂದರೆ ಹೂವು, ಅಂತ ಹೆಸರು. ಬಾಳಿಕೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆದರೂ ಹೂವಿಲ್ಲದ ಕೌದಿ ಬೆತ್ತಲೆ ಇದ್ದಂತೆ ಎಂಬುದು ಅವರ ಭಾವನೆ. ಈ ಕೌದಿಗಳನ್ನು ಅಭ್ಯಾಸ ಮಾಡಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಇದನ್ನು ದಾಖಲಿಸಿದ್ದಾರೆ. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಗುಂಪೊಂದು ಶುರುವಾಯಿತು. 2011ರಲ್ಲಿ ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಹಾರ್ಲೆಮ್ ಅಂದರೆ ಫೇತ್ ರಿಂಗೋಲ್ಡ್ ಹುಟ್ಟಿ ಬೆಳೆದ ಊರೇ. ಸಮುದ್ರದ ಎರಡು ದಿಕ್ಕಿಗೆ ಚದುರಿದವರ ಹೊಲಿಗೆ ಒಂದೇ ಬೀದಿಗೆ ಬಂದು ತಲುಪಿತು.

ಇಲ್ಲಿ ಒಂದು ಎಚ್ಚರ ಬೇಕು. ಸಿದ್ದಿ ಕೌದಿಯನ್ನು "ಪ್ರತಿಭಟನೆಯ ಕಲೆ" ಅಂತ ಬರೆದುಬಿಡುವುದು ಸುಲಭ, ಓದಲೂ ಚೆನ್ನಾಗಿರುತ್ತದೆ. ಆದರೆ ಅದು ನಿಜವಲ್ಲ. ಘಟ್ಟದ ಚಳಿಗೆ ಮಕ್ಕಳಿಗೆ ಹೊದೆಸಲು ಹೊಲಿದದ್ದು ಕೌದಿ. ಹೋರಾಟ ನಡೆದದ್ದು ಬೇರೆ ಕಡೆ: ಸಂಘಟನೆಯಲ್ಲಿ, ಮನವಿಯಲ್ಲಿ, ಸರ್ಕಾರಿ ಕಚೇರಿಯ ಮುಂದೆ. ವರ್ಷಗಟ್ಟಲೆ ಕೇಳಿದ ಮೇಲೆ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ರಾಜ್ಯದ ಶಾಸನಸಭೆಗೆ ಬಂದ ಆ ಸಮುದಾಯದ ಮೊದಲಿಗರಾದರು. ಕೌದಿಗೆ ಇಲ್ಲದ ಘೋಷಣೆಯನ್ನು ನಾವು ಅಂಟಿಸಬೇಕಾಗಿಲ್ಲ. ಊರಿಗೆ ಹೊರಗಿನವರು ಅನಿಸಿಕೊಂಡವರು, ಬೇರೆಯವರು ಉಟ್ಟು ಬಿಟ್ಟ ಬಟ್ಟೆಯನ್ನೂ ಸೇರಿಸಿ, ಮೂಲೆಗೆ ಹೂವಿಟ್ಟು ಮುಗಿಸುತ್ತಾರೆ. ಅಷ್ಟನ್ನು ಸರಿಯಾಗಿ ನೋಡಿದರೆ ಸಾಕು.

ಪಾಠ 4: ನಮ್ಮೂರಿನ ಕಪ್ಪು ಬಣ್ಣ

ಇಷ್ಟರವರೆಗೆ ವಸ್ತು ಅಂದರೆ ಗೊಂಬೆ, ಬಟ್ಟೆ ಅಂತ ನೋಡಿದೆವು. ಮೈಗೆ ಬಳಿಯುವ ಬಣ್ಣವೂ ಒಂದು ವಸ್ತುವೇ. ಅದಕ್ಕೂ ಇತಿಹಾಸ ಉಂಟು. ಅಮೆರಿಕದ ಮಸಿ ಮುಖದ ನಾಟಕ ಓದಿದಾಗ "ಛೆ, ಎಂಥ ಜನ ಮಾರಾಯ್ರೆ" ಅನಿಸುತ್ತದೆ. ಹಾಗಾದರೆ ತುಳುನಾಡಿನ ಕೊರಗ ವೇಷಕ್ಕೆ ಏನು ಹೇಳುವುದು?

ಕೊರಗರು ಈ ಜಿಲ್ಲೆಯ, ಉಡುಪಿಯ, ಕಾಸರಗೋಡಿನ ಮೂಲನಿವಾಸಿಗಳು. ಬಿದಿರು, ಕಾಡಿನ ಬಳ್ಳಿಗಳಿಂದ ಬುಟ್ಟಿ ಹೆಣೆಯುವುದರಲ್ಲಿ, ಡೋಲು ಬಾರಿಸುವುದರಲ್ಲಿ ಎತ್ತಿದ ಕೈ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಕೇಂದ್ರ ಸರ್ಕಾರ ಗುರುತಿಸಿದ್ದು ಎರಡನ್ನೇ: ಜೇನುಕುರುಬ ಮತ್ತು ಕೊರಗ. ಇವರ ಮೇಲೆ ಹೇರಿದ ಪದ್ಧತಿಗೆ ಅಜಲು ಅಂತ ಹೆಸರು. ಕೂದಲು, ಉಗುರು ಬೆರೆಸಿದ ಅನ್ನ ಕೊಟ್ಟು ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು. ಇದು ಯಾವುದೋ ಪುರಾಣ ಕಾಲದ ಮಾತಲ್ಲ. ಇದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಪ್ರತ್ಯೇಕ ಕಾಯ್ದೆ ಮಾಡಿದ್ದು 2000ದಲ್ಲಿ. ನಮ್ಮಲ್ಲಿ ಹಲವರು ಹುಟ್ಟುವುದಕ್ಕೆ ಕೆಲವೇ ವರ್ಷ ಮೊದಲು.

ಇದೇ ಊರಿನಲ್ಲಿ ಬೇರೆ ಜಾತಿಯವರು ಹರಕೆಯ ಹೆಸರಿನಲ್ಲಿ, ಹಬ್ಬದ ಮೋಜಿನ ಹೆಸರಿನಲ್ಲಿ, ಮೈಗೆ ಕಪ್ಪು ಬಳಿದು ಕೊರಗ ವೇಷ ಹಾಕಿ ಬೀದಿಯಲ್ಲಿ ಸುತ್ತುವ ರೂಢಿ ಇತ್ತು. ಕೊರಗ ಸಂಘಟನೆಗಳು ಇದನ್ನು ಬಲವಾಗಿ ವಿರೋಧಿಸಿವೆ. ವೇಷ ಹಾಕಿದವನು ಸಂಜೆ ಸೋಪು ಹಾಕಿ ತೊಳೆದರೆ ಮುಗಿಯಿತು. ಯಾರ ಮೈಯನ್ನು ಅವನು ವೇಷ ಮಾಡಿಕೊಂಡನೋ ಅವರಿಗೆ ತೊಳೆದು ಕಳೆಯಲು ಏನೂ ಇಲ್ಲ. ಇನ್ನೊಂದು ಕಡೆ, ಕೊರಗ ಸಮುದಾಯದಲ್ಲಿ ಹುಟ್ಟಿ ದೈವವಾದ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಇಟ್ಟು ಕಳೆದುಹೋದ ಬೈಕ್ ಕೀಯಿಂದ ಹಿಡಿದು ಬ್ಯಾಕ್‌ಲಾಗ್ ಸಬ್ಜೆಕ್ಟಿನವರೆಗೆ ಎಲ್ಲವನ್ನೂ ಬೇಡಿಕೊಳ್ಳುತ್ತೇವೆ. ಅಜ್ಜ ಬೇಕು, ಅಜ್ಜನ ಮಕ್ಕಳು ವೇಷ.

ಅಮೆರಿಕದ್ದು ವರ್ಣದ ಪ್ರಶ್ನೆ, ಇಲ್ಲಿನದ್ದು ಜಾತಿ ಮತ್ತು ಬುಡಕಟ್ಟಿನ ಪ್ರಶ್ನೆ. ಎರಡರ ಇತಿಹಾಸ ಒಂದೇ ಅಲ್ಲ, ಒಂದೇ ಅನ್ನುವುದು ಸೋಮಾರಿತನ. ಆದರೆ ಒಬ್ಬರ ಮೈಯನ್ನು ಇನ್ನೊಬ್ಬರ ತಮಾಷೆಯ ಸಾಮಾನು ಮಾಡುವ ವಿಧಾನ ಒಂದೇ. ಕಾಲೇಜ್ ಡೇ ವೇದಿಕೆಗಳಲ್ಲಿ 'ಟ್ರೈಬಲ್ ಡ್ಯಾನ್ಸ್', 'ಆಫ್ರಿಕನ್ ಥೀಮ್' ಅಂತ ಮೈಗೆಲ್ಲ ಕಪ್ಪು ಬಳಿದು, ಸೊಪ್ಪು ಕಟ್ಟಿಕೊಂಡು, ಅರ್ಥವಿಲ್ಲದ ಕೂಗು ಹಾಕುವ ಐಟಂಗಳು ಇನ್ನೂ ಬರುತ್ತವೆ. ಕುಣಿಯುವವರಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಮೊದಲ ಪ್ರಶ್ನೆ ಉದ್ದೇಶವನ್ನು ಕೇಳುವುದಿಲ್ಲ. ಈ ವಸ್ತು ಮೊದಲು ಏನಾಗಿತ್ತು ಅಂತ ಕೇಳುತ್ತದೆ.

ಡೋಲಿನ ಕಥೆ ಇನ್ನೂ ಸೂಕ್ಷ್ಮ. ಡೋಲು ಕೊರಗರ ಸ್ವಂತ ವಾದ್ಯ. ಆದರೆ ಕೂಲಿ ಇಲ್ಲದೆ, ಕರೆದಲ್ಲಿಗೆ ಹೋಗಿ, ದೂರ ನಿಂತು ಬಾರಿಸಬೇಕಾಗಿ ಬಂದಾಗ ಅದೇ ಡೋಲು ಕೀಳರಿಮೆಯ ಗುರುತಾಯಿತು. ಡೋಲಿನ ಸಹವಾಸವೇ ಬೇಡ ಅಂದವರು ಆ ಸಮುದಾಯದಲ್ಲಿ ಇದ್ದಾರೆ. ನಮ್ಮ ವೇದಿಕೆಯಲ್ಲಿ, ನಮ್ಮ ಇಷ್ಟಕ್ಕೆ, ನಮ್ಮ ಕಲೆಯಾಗಿ ಬಾರಿಸುತ್ತೇವೆ ಅಂದವರೂ ಇದ್ದಾರೆ. ಎರಡೂ ಸರಿಯಾದ ಉತ್ತರಗಳೇ. ಯಾವುದು ಅಂತ ತೀರ್ಮಾನಿಸುವವರು ಅವರು. ಎರಡನೇ ಉತ್ತರವನ್ನು ಬೆಟಿ ಸಾರ್ ಅವರ ಪೆಟ್ಟಿಗೆಯ ಪಕ್ಕದಲ್ಲಿಟ್ಟು ನೋಡಿ. ಅವಮಾನಕ್ಕೆ ಬಳಕೆಯಾದ ವಸ್ತುವನ್ನು ಎಸೆಯದೆ, ಬಣ್ಣ ಬಳಿದು ಮುಚ್ಚದೆ, ತಾವೇ ಎತ್ತಿಕೊಂಡು ಅರ್ಥ ತಿರುಗಿಸುವುದು. ಮಿಶ್ರಮಾಧ್ಯಮದ ಮುಖ್ಯ ಸೂತ್ರ ಅದೇ.

ಭರವಸೆ ಎಲ್ಲಿ ಉಂಟು?

ಇಂಥ ಕಲೆಯ ಬಗ್ಗೆ ಬರೆಯುವವರು ಕೊನೆಗೆ "ಭರವಸೆ" ಅನ್ನುವ ಮಾತು ಹಾಕಿ ಮುಗಿಸುವುದು ರೂಢಿ. ನಾವು ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇವೆ. ಬೆಟಿ ಸಾರ್ ಆ ಪೆಟ್ಟಿಗೆ ಮಾಡಿದ್ದು 1972ರಲ್ಲಿ. ಕಂಪನಿ ಆಂಟ್ ಜೆಮೈಮಾ ಹೆಸರು, ಚಿತ್ರ ಎರಡನ್ನೂ ಕೈಬಿಡುತ್ತೇವೆ ಅಂತ ಘೋಷಿಸಿದ್ದು 2020ರಲ್ಲಿ, ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಬೀದಿಗಿಳಿದ ಜನರ ಒತ್ತಡದಲ್ಲಿ. ನಡುವೆ 48 ವರ್ಷ. ಪೆಟ್ಟಿಗೆಯಿಂದಲೇ ಆಯಿತು ಅನ್ನಲು ಬರುವುದಿಲ್ಲ. ಪೆಟ್ಟಿಗೆ ಮಾಡಿದ್ದು ಇಷ್ಟು: ಆ ನಗುವನ್ನು ಮತ್ತೆ ಮುಗ್ಧವಾಗಿ ನೋಡದ ಹಾಗೆ ಜನರ ಕಣ್ಣು ಬದಲಿಸಿತು. ಬೀದಿಯ ಕೆಲಸ ಬೀದಿಯವರು ಮಾಡಬೇಕಾಯಿತು.

ಇಲ್ಲೂ ಹಾಗೇ. ಅಜಲು ನಿಷೇಧ ಕಾಯ್ದೆ ಬಂದು ಕಾಲು ಶತಮಾನವಾಯಿತು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕು ಎಂಬ ಮಹಮ್ಮದ್ ಪೀರ್ ವರದಿಯ ಶಿಫಾರಸು ಪೂರ್ತಿ ಜಾರಿಯಾಗಲಿ ಅಂತ ಸಮುದಾಯ ಕೇಳುತ್ತಲೇ ಇದೆ. ಪ್ರತಿ ವರ್ಷ ಆಗಸ್ಟ್ 18ರಂದು ಅವರು ಭೂಮಿ ಹಬ್ಬ ಮಾಡುತ್ತಾರೆ. ಪೂರ್ತಿ ಸಿಗದ ಭೂಮಿಗೆ ಹಬ್ಬ ಮಾಡುವುದು ಅಂದರೆ ಎಂತ? ಕೌದಿಯ ಮೂಲೆಗೆ ಹೂವು ಇಡುವುದು ಅಂದರೆ ಎಂತವೋ ಅದೇ. ಎಲ್ಲ ಸರಿಯಾಯಿತು ಎಂಬ ಸಮಾಧಾನ ಅಲ್ಲ. ಕೆಲಸ ಇನ್ನೂ ನಮ್ಮ ಕೈಯಲ್ಲಿದೆ, ಬಿಟ್ಟಿಲ್ಲ ಎಂಬ ಗುರುತು.

ನಮ್ಮ ಫೆಸ್ಟಿಗೆ ಒಂದು ಅಭ್ಯಾಸ

ಎಂಜಿನಿಯರಿಂಗ್ ಕಾಲೇಜುಗಳ ಫೆಸ್ಟಿನಲ್ಲಿ 'ವೇಸ್ಟ್‌ನಿಂದ ಬೆಸ್ಟ್', ಇನ್‌ಸ್ಟಲೇಶನ್, ವಾಲ್ ಆರ್ಟ್ ಸ್ಪರ್ಧೆಗಳು ಇರುತ್ತವೆ. ಹಾಳಾದ ಮದರ್‌ಬೋರ್ಡಿನಲ್ಲಿ ನವಿಲು, ಬೇರಿಂಗ್‌ನಲ್ಲಿ ರೋಬೋಟ್ ಎಲ್ಲ ಚೆಂದವೇ. ಮುಂದಿನ ಸಲ ಒಂದು ಹೆಜ್ಜೆ ಮುಂದೆ ಹೋಗಬಹುದು.

ತಂಡದ ಪ್ರತಿಯೊಬ್ಬರೂ ಒಂದೊಂದು ಬಳಸಿ ಬಿಟ್ಟ ವಸ್ತು ತನ್ನಿ. ಲ್ಯಾಬಿನ ಹರಿದ ಏಪ್ರನ್, ಮನೆಯ ಹಳೆ ಬುಟ್ಟಿ, ಫೇರ್‌ನೆಸ್ ಕ್ರೀಮಿನ ಖಾಲಿ ಟ್ಯೂಬು, ಯಾವುದಾದರೂ ಆಗಬಹುದು. ಅಂಟಿಸುವ ಮೊದಲು ಒಂದು ಕಾಗದದಲ್ಲಿ ಅದರ ಕಥೆ ಐದು ಸಾಲು ಬರೆಯಿರಿ: ಯಾರು ಮಾಡಿದ್ದು, ಯಾರು ಬಳಸಿದ್ದು, ಯಾರಿಗೆ ಇದರಿಂದ ನೋವಾಗಿರಬಹುದು. ಬುಟ್ಟಿಯಾದರೆ ಹೆಣೆದವರನ್ನು ಹುಡುಕಿ ಮಾತಾಡಿಸಿ. ಅವರು ಒಪ್ಪಿದರೆ ಹೆಸರು ಫಲಕದಲ್ಲಿ ಬರಲಿ, ಹೊಸ ಬುಟ್ಟಿ ಬೇಕಾದರೆ ಅವರು ಹೇಳಿದ ಕ್ರಯ ಕೊಟ್ಟು ತನ್ನಿ. ಬೇರೆ ಸಮುದಾಯದ ಕಥೆ ಹೇಳಬೇಕು ಅನಿಸಿದರೆ ಅವರನ್ನೇ ಕರೆಯಿರಿ; ಗೌರವಧನದ ಸಾಲು ಬಜೆಟ್‌ನಲ್ಲಿ ಸೌಂಡ್ ಸಿಸ್ಟಮ್‌ಗಿಂತ ಮೇಲೆ ಇರಲಿ. ಕಪ್ಪು ಬಣ್ಣದ ಡಬ್ಬಿ ಬೇಡವೇ ಬೇಡ ಅಂತಲ್ಲ. ಕ್ಯಾನ್ವಾಸಿಗೆ ಧಾರಾಳ ಬಳಸಿ. ಮೈಗೆ ಬೇಡ.

ವಸ್ತುಗಳನ್ನು ಜೋಡಿಸಿದ ಮೇಲೆ ಐದು ಸಾಲಿನ ಕಾಗದವನ್ನು ಎಸೆಯಬೇಡಿ. ಅದನ್ನೂ ಕೃತಿಗೆ ಅಂಟಿಸಿ. ಜಡ್ಜ್‌ಗಳು ಮಾರ್ಕ್ಸ್ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ, ಆದರೆ ಮುಂದೆ ನಿಂತು ನೋಡುವವರು ನವಿಲಿಗೆ ನಿಂತದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ.